ಅಗ್ಗದ ಬಿಡುವಿನ ವರ್ಷಕ್ಕೆ ಯಾವ ಸ್ಪ್ಯಾನಿಷ್ ನಾಡು? ಕೆಟ್ಸಾಲ್ತೆನಾಂಗೊದ ಭಾಷಾಶಾಲೆಗಳ ವಿಮರ್ಶೆ

ಸ್ಪ್ಯಾನಿಷ್ ಅಧಿಕೃತ ಭಾಷೆಯಾಗಿರುವ ಸಾರ್ವಭೌಮ ದೇಶಗಳು 20. ಅವುಗಳಲ್ಲಿ ಒಂದು, ಈಕ್ವಟೋರಿಯಲ್ ಗಿನಿ, ಆಫ್ರಿಕಾದಲ್ಲಿದೆ ಎಂಬುದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಓದು ಮುಗಿದು ಕೆಲಸಕ್ಕೆ ಸೇರುವ ಮೊದಲು, ಅಥವಾ ಒಂದು ಕೆಲಸ ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ, ಒಂದು ವರ್ಷ ಹೊರದೇಶದಲ್ಲಿದ್ದು ಈ ಭಾಷೆಯನ್ನು ಕಲಿಯಬೇಕೆಂದು ಹೊರಡುವವರು ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಮೊದಲು ಕೇಳುವುದು ಎಲ್ಲಿ ಬಾಡಿಗೆ ಕಡಿಮೆ, ಎಲ್ಲಿ ಊಟ ಅಗ್ಗ ಎಂದು. ಪ್ರಶ್ನೆ ಸಹಜವಾದದ್ದೇ. ಆದರೆ ಕಲಿಯುವುದೇ ಮುಖ್ಯವಾಗಿದ್ದರೆ, ತಾಳ್ಮೆಯಿಂದ ಕೇಳಿಸಿಕೊಂಡು ತಪ್ಪಿದಲ್ಲಿ ತಿದ್ದುವ ಒಬ್ಬರ ಜೊತೆ ಒಂದು ಗಂಟೆ ಮಾತನಾಡಲು ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕದಿಂದ ದೇಶವನ್ನು ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಆ ಲೆಕ್ಕಕ್ಕೆ ತರಗತಿಯ ಹೊರಗೆ ಕಿವಿಗೆ ಬೀಳುವ ಸ್ಪ್ಯಾನಿಷನ್ನೂ ಸೇರಿಸಿದರೆ ಗ್ವಾಟೆಮಾಲಾದ ಪಶ್ಚಿಮ ಎತ್ತರನಾಡಿನ ಕೆಟ್ಸಾಲ್ತೆನಾಂಗೊ ನಗರ ಉಳಿದೆಲ್ಲ ಊರುಗಳಿಗಿಂತ ಮುಂದಿದೆ. ಅಲ್ಲಿನ ಶಾಲೆಗಳು ಕೊಡುವುದೇನು, ಎಲ್ಲಿ ಎಡವುತ್ತವೆ, ಅವುಗಳಿಗೆ ಬದಲಾಗಿ ಬೇರೆಲ್ಲಿಗೆ ಹೋಗಬಹುದು ಎಂಬುದನ್ನು ಇಲ್ಲಿ ವಿವರವಾಗಿ ಪರಿಶೀಲಿಸಿದ್ದೇನೆ.

ಮೊದಲು ಗಂಟೆಗಳ ಲೆಕ್ಕ. ಅಮೆರಿಕದ ರಾಜತಾಂತ್ರಿಕ ಸಿಬ್ಬಂದಿಗೆ ಭಾಷೆ ಕಲಿಸುವ ಅಲ್ಲಿನ ವಿದೇಶಾಂಗ ಸೇವಾ ಸಂಸ್ಥೆಯ ಅನುಭವದಂತೆ, ಇಂಗ್ಲಿಷ್ ಮಾತೃಭಾಷೆಯವರು ಸ್ಪ್ಯಾನಿಷ್‌ನಲ್ಲಿ ವೃತ್ತಿಮಟ್ಟದ ಹಿಡಿತ ಪಡೆಯಲು 600ರಿಂದ 750 ತರಗತಿ ಗಂಟೆಗಳು ಬೇಕು. ದಿನಕ್ಕೆ ಐದು ಗಂಟೆ, ವಾರಕ್ಕೆ ಐದು ದಿನ ಎಂದು ಹಿಡಿದರೆ ವಾರಕ್ಕೆ 25 ಗಂಟೆಗಳಾಗುತ್ತವೆ. 600 ಗಂಟೆ ತುಂಬಲು 24 ವಾರ ಸಾಕು. ಎಂದರೆ ಸುಮಾರು ಅರ್ಧ ವರ್ಷ. ಈ ಗಂಟೆಗಳಲ್ಲಿ ಕಲಿಯುವವರ ಬಾಯಿಗೆ ಎಷ್ಟು ಕೆಲಸ ಸಿಗುತ್ತದೆ ಎಂಬುದು ಬೇರೆ ಮಾತು. ಹತ್ತು ಮಂದಿಯ ಗುಂಪು ತರಗತಿಯಲ್ಲಿ ಒಂದು ಗಂಟೆಯನ್ನು ಸಮನಾಗಿ ಹಂಚಿದರೂ ತಲಾ ಆರು ನಿಮಿಷ ಬರುತ್ತದೆ. ಅದರಲ್ಲಿ ಶಿಕ್ಷಕರ ಮಾತಿನ ಪಾಲನ್ನು ಕಳೆದರೆ ಉಳಿಯುವುದು ಮೂರೋ ನಾಲ್ಕೋ ನಿಮಿಷ, ಅದೂ ಅರ್ಧಂಬರ್ಧ ಬಲ್ಲ ಸಹಪಾಠಿಯ ಜೊತೆಗಿನ ಅಭ್ಯಾಸ. ಯುರೋಪಿನ ಹೆಸರಾಂತ ವಿಶ್ವವಿದ್ಯಾಲಯದ ಪ್ರಮಾಣಪತ್ರ ಕೈಯಲ್ಲಿದ್ದೂ ಅಂಗಡಿಯ ಮುಂದೆ ನಿಂತಾಗ ಮಾತು ಹೊರಡದವರನ್ನು ನಾನು ಕಂಡಿದ್ದೇನೆ. ಅವರ ಬುದ್ಧಿಯಲ್ಲಿ ದೋಷವಿರಲಿಲ್ಲ, ಮಾತನಾಡುವ ಅವಕಾಶವೇ ಅವರಿಗೆ ದೊರೆತಿರಲಿಲ್ಲ.

ಗ್ವಾಟೆಮಾಲಾದ ಪದ್ಧತಿ ಇದಕ್ಕೆ ನೇರವಾದ ಉತ್ತರ. ಇಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ. ಶಾಲೆಯೆಂದರೆ ಬಹುಮಟ್ಟಿಗೆ ನಡುವೆ ಅಂಗಳವಿರುವ ಹಳೆಯ ಮನೆ; ಅಂಗಳದ ಸುತ್ತಲಿನ ಮೊಗಸಾಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಚಿಕ್ಕ ಬಿಳಿಹಲಗೆ ಹೀಗೆ ಹತ್ತಾರು ಜೋಡಿಗಳು ಕುಳಿತಿರುತ್ತವೆ. ಬೆಳಗಿನ ಪಾಳಿ ಎಂಟರಿಂದ ಒಂದರವರೆಗೆ, ನಡುವೆ ಅರ್ಧ ಗಂಟೆಯ ಬಿಡುವು. ಕೆಲವು ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿಯೂ ಉಂಟು. ಸೋಮವಾರ ಆರಂಭಿಸಿ ಶುಕ್ರವಾರ ಮುಗಿಸುವ ವಾರವೇ ಇಲ್ಲಿನ ವ್ಯವಹಾರದ ಘಟಕ, ಹಣವೂ ವಾರಕ್ಕೊಮ್ಮೆ. ವರ್ಷವಿಡೀ ಯಾವ ಸೋಮವಾರವಾದರೂ ಸೇರಬಹುದು, ಯಾವ ಶುಕ್ರವಾರವಾದರೂ ಬಿಡಬಹುದು. ಸೆಮಿಸ್ಟರ್‌ಗಾಗಿ ಕಾಯುವಂತಿಲ್ಲ. ಮಧ್ಯಾಹ್ನಗಳಲ್ಲಿ ಶಾಲೆಯವರೇ ಹತ್ತಿರದ ಹಳ್ಳಿಗೋ, ನೇಕಾರರ ಮನೆಗೋ, ಸುನಿಲ್ ಪಟ್ಟಣದ ಮೇಲಿನ ಫುಯೆಂತೆಸ್ ಹೆಯೊರ್ಹಿನಾಸ್ ಎಂಬ ಬಿಸಿನೀರಿನ ಬುಗ್ಗೆಗೋ ಕರೆದೊಯ್ಯುತ್ತಾರೆ. ಇಲ್ಲವೇ ಅಂತರ್ಯುದ್ಧದ ಇತಿಹಾಸದ ಬಗ್ಗೆ ಯಾರಾದರೂ ಬಂದು ಮಾತನಾಡುತ್ತಾರೆ. 1960ರಿಂದ 1996ರ ಶಾಂತಿ ಒಪ್ಪಂದದವರೆಗೆ 36 ವರ್ಷ ನಡೆದ ಆ ಯುದ್ಧದ ನೆನಪು ಈ ಊರಿನಲ್ಲಿ ಹಳತಾಗಿಲ್ಲ. ಪ್ರೊಯೆಕ್ತೊ ಲಿಂಗ್ವಿಸ್ತಿಕೊ ಕೆಟ್ಸಾಲ್ತೆಕೊದಂತಹ ಶಾಲೆಗಳು ದೇಶದ ಸಾಮಾಜಿಕ ಇತಿಹಾಸವನ್ನು ಪಾಠದ ಭಾಗವಾಗಿಯೇ ಇಟ್ಟುಕೊಂಡಿವೆ. ಕಾಫಿ ತೋಟಗಳ ಸೀಮೆಯಲ್ಲಿ ಆ ಸಂಸ್ಥೆಯದೇ ಒಂದು ಗ್ರಾಮೀಣ ಶಾಲೆಯೂ ಇದೆ.

ಬೆಲೆಯ ಮಾತಿಗೆ ಬರೋಣ. ವಾರಕ್ಕೆ 25 ಗಂಟೆಗಳ ಏಕವ್ಯಕ್ತಿ ಪಾಠ, ಸ್ಥಳೀಯ ಕುಟುಂಬವೊಂದರಲ್ಲಿ ಪ್ರತ್ಯೇಕ ಕೋಣೆ, ಭಾನುವಾರವೊಂದನ್ನು ಬಿಟ್ಟು ದಿನಕ್ಕೆ ಮೂರು ಹೊತ್ತಿನ ಊಟ, ಇವೆಲ್ಲ ಸೇರಿ ಕೆಟ್ಸಾಲ್ತೆನಾಂಗೊದಲ್ಲಿ ಇತ್ತೀಚಿನ ವರ್ಷಗಳ ದರ ಸುಮಾರು 200ರಿಂದ 300 ಡಾಲರ್. ಸ್ಪೇನಿನಲ್ಲಿ ಈ ಹಣಕ್ಕೆ ಗುಂಪು ತರಗತಿಯ ಶುಲ್ಕ ಮಾತ್ರ ಸಂದಾಯವಾಗುತ್ತದೆ. ಮಲಗುವ ಜಾಗಕ್ಕೆ, ಊಟಕ್ಕೆ ಮತ್ತೆ ಕೈ ಬಿಚ್ಚಬೇಕು. ಇದಕ್ಕಿಂತ ಮುಖ್ಯವಾದ, ಆದರೆ ಯಾರೂ ಹೆಚ್ಚು ಹೇಳದ ಸಂಗತಿಯೊಂದಿದೆ. ಗ್ವಾಟೆಮಾಲಾದ ನಾಣ್ಯವಾದ ಕೆಟ್ಸಾಲ್ ಹಲವು ವರ್ಷಗಳಿಂದ ಡಾಲರಿಗೆ 7.7ರ ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಂತಿದೆ. ವರ್ಷದ ಹಣವನ್ನು ಮೊದಲೇ ಕೂಡಿಟ್ಟು, ನಡುವೆ ಸಂಪಾದನೆಯಿಲ್ಲದೆ ಹೊರಡುವವರಿಗೆ ನಾಣ್ಯದ ಈ ಸ್ಥಿರತೆ ಅಗ್ಗದ ದರದಷ್ಟೇ ಬೆಲೆಯುಳ್ಳದ್ದು. ಜನವರಿಯಲ್ಲಿ ಹಾಕಿದ ಲೆಕ್ಕ ಅಕ್ಟೋಬರಿನಲ್ಲೂ ನಿಲ್ಲುತ್ತದೆ. ಈ ಭರವಸೆಯನ್ನು ಅರ್ಜೆಂಟೀನಾ ಕೊಡಲಾರದು. ಅದರ ವಿಷಯ ಮುಂದೆ ಬರುತ್ತದೆ.

ಇನ್ನು ದೋಷಗಳು. ಮೊದಲನೆಯದು, ಶಿಕ್ಷಕರ ಗುಣಮಟ್ಟ ಒಂದೇ ಸಮನಾಗಿಲ್ಲ. ಇಪ್ಪತ್ತು ವರ್ಷ ಕಲಿಸಿದ, ವಿದ್ಯಾರ್ಥಿಯ ತಪ್ಪು ಯಾವ ಮೂಲದಿಂದ ಬರುತ್ತಿದೆ ಎಂಬುದನ್ನು ಎರಡು ವಾಕ್ಯ ಕೇಳುವುದರೊಳಗೆ ಹಿಡಿಯಬಲ್ಲ ಶಿಕ್ಷಕಿಯರು ಇಲ್ಲಿ ಇದ್ದಾರೆ. ಹೆಚ್ಚು ವಿದ್ಯಾರ್ಥಿಗಳು ಬರುವ ಜೂನ್–ಜುಲೈ ತಿಂಗಳುಗಳಿಗೆಂದು ಕರೆತಂದ, ಕ್ರಿಯಾಪದಗಳ ಕೋಷ್ಟಕವನ್ನು ಬರೆಸಿ ಹೊತ್ತು ಕಳೆಯುವವರೂ ಇದ್ದಾರೆ. ಐದು ಗಂಟೆ ಎದುರುಬದುರು ಕುಳಿತುಕೊಳ್ಳುವ ಪದ್ಧತಿಯಲ್ಲಿ ಮರೆಗೆ ಜಾಗವಿಲ್ಲ: ಶಿಕ್ಷಕಿ ಒಳ್ಳೆಯವರಾದರೆ ಲಾಭ ಇಮ್ಮಡಿ, ಹೊಂದಾಣಿಕೆಯಾಗದಿದ್ದರೆ ಬೇಸರವೂ ಇಮ್ಮಡಿ. ನಾನು ಕಲಿತ ಒಂದು ಶಾಲೆಯಲ್ಲಿ ಶಿಕ್ಷಕರನ್ನು ಬದಲಿಸಿ ಎಂದು ಕೇಳುವುದೇ ಅಪಚಾರವೆಂಬಂತೆ ನಡೆದುಕೊಂಡರು. ಇನ್ನೊಂದರಲ್ಲಿ ಎರಡು ವಾರಕ್ಕೊಮ್ಮೆ ಬದಲಿಸುವುದನ್ನು ಅವರೇ ನಿಯಮವಾಗಿ ಇಟ್ಟಿದ್ದರು. ಎರಡನೆಯ ಕ್ರಮವೇ ಸರಿ. ಬೇರೆ ಬೇರೆ ದನಿ, ವಯಸ್ಸು, ವೇಗಗಳಿಗೆ ಕಿವಿ ಒಗ್ಗದಿದ್ದರೆ, ಒಬ್ಬರ ಸ್ಪ್ಯಾನಿಷ್ ಮಾತ್ರ ಅರ್ಥವಾಗುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ.

ಎರಡನೆಯ ದೋಷ ಹೆಚ್ಚು ಗಂಭೀರವಾದದ್ದು. ವಿದ್ಯಾರ್ಥಿ ತೆತ್ತ ಹಣದಲ್ಲಿ ಶಿಕ್ಷಕಿಯ ಕೈಗೆ ಸೇರುವ ಪಾಲು ಶಾಲೆಯಿಂದ ಶಾಲೆಗೆ ಬಹಳ ಬದಲಾಗುತ್ತದೆ. ಮಧ್ಯವರ್ತಿಗಳ ಜಾಲತಾಣದ ಮೂಲಕ ಕಾಯ್ದಿರಿಸಿದಾಗ ಆ ಪಾಲು ಇನ್ನೂ ಇಳಿಯುತ್ತದೆ. ವಿದ್ಯಾರ್ಥಿಗಳಿಲ್ಲದ ವಾರ ಅವರಿಗೆ ಸಂಬಳವೂ ಇಲ್ಲ ಎಂಬ ಸ್ಥಿತಿ ಹಲವು ಕಡೆ ಇದೆ. ಆದ್ದರಿಂದ ಶಿಕ್ಷಕರೇ ಸೇರಿ ನಡೆಸುವ ಸಹಕಾರಿ ಶಾಲೆಗಳನ್ನು ಮೊದಲು ವಿಚಾರಿಸಬೇಕೆಂಬುದು ನನ್ನ ಸಲಹೆ. ಇದರಲ್ಲಿ ನ್ಯಾಯದ ಪ್ರಶ್ನೆ ಇರುವಂತೆ ಸ್ವಾರ್ಥವೂ ಇದೆ, ಏಕೆಂದರೆ ತಕ್ಕ ಸಂಬಳ ಕೊಡುವ ಶಾಲೆಯಲ್ಲಿ ಅನುಭವಿಗಳು ಉಳಿಯುತ್ತಾರೆ. ಶಿಕ್ಷಕರಿಗೆ ಗಂಟೆಗೆ ಎಷ್ಟು ಕೊಡುತ್ತೀರಿ ಎಂದು ಪತ್ರ ಬರೆದು ಕೇಳಿದರೆ, ಒಳ್ಳೆಯ ಶಾಲೆ ಒಂದು ಸಾಲಿನಲ್ಲಿ ಉತ್ತರಿಸುತ್ತದೆ. ಸುತ್ತುಬಳಸಿ ಬರೆದ ಉತ್ತರ ಬಂದರೆ ಅದೂ ಒಂದು ಉತ್ತರವೇ.

ಕುಟುಂಬವಾಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಶಾಲೆಯ ಐದು ಗಂಟೆಗಳಷ್ಟೇ ತೂಕ ಊಟದ ಮೇಜಿನ ಮಾತಿಗೂ ಇದೆ. ಮಧ್ಯಾಹ್ನದ ಊಟವೇ ಇಲ್ಲಿ ದೊಡ್ಡದು. ಕಪ್ಪು ಹುರುಳಿಕಾಯಿ ಬೀಜದ ಫ್ರಿಹೋಲೆಸ್, ಮೆಕ್ಕೆಜೋಳದ ಬಿಸಿ ರೊಟ್ಟಿಯಾದ ತೋರ್ತಿಯಾ, ಅನ್ನ, ಮೊಟ್ಟೆ ಅಥವಾ ಕೋಳಿ, ಬೇಯಿಸಿದ ಬಾಳೆ, ಇವು ವಾರವಿಡೀ ಸರದಿಯಂತೆ ಬರುತ್ತವೆ, ಶನಿವಾರ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬಿನಂತಹ ತಮಾಲೆ. ಸಸ್ಯಾಹಾರಿಗಳಿಗೆ ಇಲ್ಲಿ ಹಸಿವಾಗುವ ಭಯವಿಲ್ಲ, ಆದರೆ ರುಚಿಯಲ್ಲಿ ವೈವಿಧ್ಯ ಬಯಸುವವರಿಗೆ ಮೂರನೆಯ ವಾರದ ಹೊತ್ತಿಗೆ ಫ್ರಿಹೋಲೆಸ್ ಬೇಸರ ತರಿಸಬಹುದು. ಸ್ನಾನದ ನೀರನ್ನು ಕಾಯಿಸುವುದು ಷವರಿನ ತಲೆಗೇ ಜೋಡಿಸಿದ ವಿದ್ಯುತ್ ಸಾಧನ: ನೀರು ಸಣ್ಣಗೆ ಬಿಟ್ಟರೆ ಬಿಸಿ, ಜೋರಾಗಿ ಬಿಟ್ಟರೆ ತಣ್ಣಗೆ. ನಲ್ಲಿಯ ನೀರನ್ನು ಕುಡಿಯುವಂತಿಲ್ಲ; ಮನೆಗಳಲ್ಲಿ ದೊಡ್ಡ ಡಬ್ಬಿಯ ಶುದ್ಧ ನೀರು ಇಟ್ಟಿರುತ್ತಾರೆ.

ಕುಟುಂಬಗಳಲ್ಲೂ ಎರಡು ಬಗೆ. ಒಂದು, ಒಬ್ಬ ವಿದ್ಯಾರ್ಥಿಯನ್ನು ಮನೆಯವರಂತೆ ಕೂರಿಸಿಕೊಂಡು, ಅಡುಗೆಮನೆಗೂ ಮೊಮ್ಮಗುವಿನ ಹುಟ್ಟುಹಬ್ಬಕ್ಕೂ ಕರೆಯುವ ಮನೆ. ಇನ್ನೊಂದು, ನಾಲ್ಕೈದು ಕೋಣೆ ಕಟ್ಟಿಸಿ ಅಷ್ಟೂ ಮಂದಿ ವಿದೇಶಿಯರನ್ನು ಇಟ್ಟುಕೊಂಡ ಮನೆ. ಅಲ್ಲಿ ಊಟದ ಮೇಜಿನ ಭಾಷೆ ಇಂಗ್ಲಿಷ್ ಆಗಿಬಿಡುತ್ತದೆ, ಮನೆಯೊಡತಿ ತಟ್ಟೆ ಇಟ್ಟು ಒಳಗೆ ಹೋಗುತ್ತಾರೆ. ಎರಡಕ್ಕೂ ಶಾಲೆ ವಿಧಿಸುವ ದರ ಒಂದೇ. ಹಣ ತೆರುವ ಮೊದಲು ಕೇಳಬೇಕಾದದ್ದು ಇಷ್ಟು: ಆ ಮನೆಯಲ್ಲಿ ಬೇರೆ ವಿದ್ಯಾರ್ಥಿಗಳು ಎಷ್ಟು ಮಂದಿ, ಮನೆಯವರು ಜೊತೆಯಲ್ಲಿ ಕುಳಿತು ಉಣ್ಣುತ್ತಾರೆಯೇ, ಮಕ್ಕಳಿದ್ದಾರೆಯೇ. ಮಕ್ಕಳಿರುವ ಮನೆ ಸಿಕ್ಕರೆ ಬಿಡಬಾರದು. ಆರು ವರ್ಷದ ಮಗು ತಪ್ಪನ್ನು ತಿದ್ದಲು ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳುವುದಿಲ್ಲ.

ಊರಿನ ಜನ ಕೆಟ್ಸಾಲ್ತೆನಾಂಗೊ ಎಂಬ ಉದ್ದದ ಹೆಸರನ್ನು ಬಿಟ್ಟು ಶೆಲಾ ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 2,330 ಮೀಟರ್ ಎತ್ತರದಲ್ಲಿರುವ ಈ ಊರು ಗ್ವಾಟೆಮಾಲಾದ ಎರಡನೆಯ ದೊಡ್ಡ ನಗರ. ಇದರ ಬಲು ದೊಡ್ಡ ಗುಣವೆಂದರೆ ಇದು ಪ್ರವಾಸಿಗರನ್ನು ನೆಚ್ಚಿಕೊಂಡಿಲ್ಲ. ವಿಶ್ವವಿದ್ಯಾಲಯ, ನ್ಯಾಯಾಲಯ, ಸಗಟು ಮಾರುಕಟ್ಟೆ, ಆಸ್ಪತ್ರೆಗಳಿಗಾಗಿ ಸುತ್ತಲ ಸೀಮೆಯವರು ಬರುವ ಕೆಲಸದ ಊರು. ವಿದೇಶಿ ಮುಖ ಕಂಡೊಡನೆ ಇಂಗ್ಲಿಷ್‌ಗೆ ಹೊರಳುವ ಅಭ್ಯಾಸ ಇಲ್ಲಿನ ಅಂಗಡಿಯವರಿಗಿಲ್ಲ. ಎತ್ತರನಾಡಿನ ಸ್ಪ್ಯಾನಿಷ್ ನಿಧಾನ, ವ್ಯಂಜನಗಳು ಸ್ಪಷ್ಟ. ಕ್ಯೂಬಾ ಅಥವಾ ಡೊಮಿನಿಕನ್ ಗಣರಾಜ್ಯದಲ್ಲಿ ಪದಾಂತ್ಯದ ಸಕಾರ ನುಂಗಿಹೋಗುವಂತೆ ಇಲ್ಲಿ ಹೋಗುವುದಿಲ್ಲ. ಸುತ್ತಲ ಹಳ್ಳಿಗಳ ಭಾಷೆ ಕಿಚೆ ಮತ್ತು ಮಾಮ್. ದೇಶದ 22 ಮಾಯಾ ಭಾಷೆಗಳಲ್ಲಿ ಇವು ಎರಡು. ಕಿಚೆ ಕಲಿಸುವ ಶಾಲೆಗಳೂ ಇಲ್ಲಿವೆ. ನಗರದ ನೆತ್ತಿಯ ಮೇಲೆ 3,772 ಮೀಟರ್ ಎತ್ತರದ ಸಾಂತಾ ಮರಿಯಾ ಜ್ವಾಲಾಮುಖಿ. 1902ರಲ್ಲಿ ಅದು ಸಿಡಿದಾಗ ಉಂಟಾದ ಬಾಯಿಯಲ್ಲಿ 1922ರಿಂದ ಬೆಳೆಯುತ್ತಿರುವ ಸಾಂತಿಯಾಗೀತೊ ಎಂಬ ಲಾವಾದಿಬ್ಬ ಇಂದಿಗೂ ಹೊಗೆಯುಗುಳುತ್ತದೆ. ಕ್ವೆಟ್ಸಾಲ್‌ಟ್ರೆಕ್ಕರ್ಸ್ ಎಂಬ ಸ್ವಯಂಸೇವಕರ ಸಂಸ್ಥೆ ಇಂಥ ಜ್ವಾಲಾಮುಖಿಗಳಿಗೆ ಚಾರಣಗಳನ್ನು ನಡೆಸಿ, ಬಂದ ಹಣವನ್ನು ಬಡಮಕ್ಕಳ ಶಿಕ್ಷಣಕ್ಕೆ ಕೊಡುತ್ತದೆ.

ಚಳಿಯನ್ನು ಮಾತ್ರ ಹಗುರವಾಗಿ ಎಣಿಸಬಾರದು. ನವೆಂಬರಿನಿಂದ ಫೆಬ್ರವರಿಯವರೆಗೆ ರಾತ್ರಿಯ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಮನೆಗಳಲ್ಲಿ ಕಾಯಿಸುವ ವ್ಯವಸ್ಥೆ ಇರುವುದಿಲ್ಲ. ಉಷ್ಣವಲಯದ ದೇಶವೆಂದು ತೆಳು ಅಂಗಿಗಳನ್ನು ತುಂಬಿಕೊಂಡು ಬಂದವರು ಮೊದಲ ವಾರವೇ ಹಳೆ ಬಟ್ಟೆಗಳ ಅಂಗಡಿಗೆ ಹೋಗಿ ಉಣ್ಣೆಯಂಗಿ ಕೊಳ್ಳುವುದು ಇಲ್ಲಿನ ಮಾಮೂಲು ನೋಟ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆಗಾಲ; ಆದರೆ ಬೆಳಗು ಬಹುತೇಕ ತಿಳಿಯಾಗಿದ್ದು, ತರಗತಿ ಮುಗಿದ ಮೇಲೆ ಮಳೆ ಬರುತ್ತದೆ.

ಹೆಚ್ಚಿನವರು ಮೊದಲು ಹೆಸರು ಕೇಳುವುದು ಆಂಟಿಗ್ವಾದ್ದು. 1543ರಿಂದ ರಾಜಧಾನಿಯಾಗಿದ್ದು, 1773ರ ಭೂಕಂಪದಲ್ಲಿ ನೆಲಕಚ್ಚಿ, 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಪಟ್ಟಣದ ಸೊಬಗಿಗೆ ಸಾಟಿಯಿಲ್ಲ. ಕಲ್ಲು ಹಾಸಿದ ಬೀದಿ, ಪಾಳುಬಿದ್ದ ಚರ್ಚು, ಬೀದಿಯ ತುದಿಗೆ ಆಗುವಾ ಜ್ವಾಲಾಮುಖಿ. ಶಾಲೆಗಳ ಸಂಖ್ಯೆಯೂ ಅಲ್ಲಿ ಹೆಚ್ಚು, ಅನುಭವವೂ ಹಳೆಯದು. ಮಾಯಾ ಭಾಷೆಗಳ ಅಧ್ಯಯನಕ್ಕೂ ಹೆಸರಾದ ಪ್ರೊಯೆಕ್ತೊ ಲಿಂಗ್ವಿಸ್ತಿಕೊ ಫ್ರಾನ್ಸಿಸ್ಕೊ ಮಾರೊಕೀನ್ ಅಲ್ಲಿಯದೇ. ಆದರೆ ತರಗತಿಯಿಂದ ಹೊರಬಿದ್ದ ಕ್ಷಣವೇ ಇಂಗ್ಲಿಷ್ ಎದುರಾಗುತ್ತದೆ, ಕಾಫಿಯ ಬೆಲೆ ಯುರೋಪನ್ನು ನೆನಪಿಸುತ್ತದೆ, ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಮೆರವಣಿಗೆಗಳ ಸಮಯದಲ್ಲಂತೂ ಕೋಣೆಗಳು ಸಿಗುವುದಿಲ್ಲ. ಬಂದಿಳಿದ ಮೊದಲ ವಾರಕ್ಕೆ, ವಿಮಾನ ನಿಲ್ದಾಣಕ್ಕೆ ಹತ್ತಿರವೆಂಬ ಕಾರಣಕ್ಕೆ, ಆಂಟಿಗ್ವಾ ಸರಿ. ವರ್ಷದ ನೆಲೆಯಾಗಿ ನಾನು ಅದನ್ನು ಸೂಚಿಸಲಾರೆ.

ಅತಿತ್ಲಾನ್ ಸರೋವರದ ದಡದ ಸಾನ್ ಪೆದ್ರೊ ಲಾ ಲಗೂನಾ ಮೂರರಲ್ಲೂ ಅಗ್ಗ. ಕಾಫಿ ಗಿಡಗಳ ನಡುವಿನ ಗುಡಿಸಿಲಿನಲ್ಲಿ, ನೀರನ್ನು ನೋಡುತ್ತಾ ಪಾಠ ಕೇಳುವ ಸುಖ ಬೇರೆಲ್ಲೂ ಸಿಗದು. ಆದರೂ ಅದಕ್ಕೊಂದು ತೊಡಕಿದೆ. ಆ ಊರಿನ ಮನೆಮಾತು ತ್ಸುತುಹಿಲ್. ಮನೆಯವರು ವಿದ್ಯಾರ್ಥಿಯೊಡನೆ ಸ್ಪ್ಯಾನಿಷ್ ಮಾತನಾಡುತ್ತಾರೆ, ತಮ್ಮತಮ್ಮಲ್ಲಿ ಸಹಜವಾಗಿಯೇ ತ್ಸುತುಹಿಲ್ ಮಾತನಾಡಿಕೊಳ್ಳುತ್ತಾರೆ. ಹೀಗಾಗಿ ಪಕ್ಕದಲ್ಲಿ ಕುಳಿತು ಕದ್ದು ಕೇಳುತ್ತಾ ಕಲಿಯುವ, ಕಲಿಕೆಯ ಅರ್ಧ ಭಾಗವೇ ಆದ ಆ ಅವಕಾಶ ಅಲ್ಲಿ ಸ್ಪ್ಯಾನಿಷ್ ಕಲಿಯುವವರಿಗೆ ಸಿಗುವುದಿಲ್ಲ. ಮಾಯಾ ಭಾಷೆಯ ಕಡೆಗೇ ಆಸಕ್ತಿಯಿದ್ದರೆ ಇದೇ ತೊಡಕು ವರವಾಗುತ್ತದೆ. ದಡದ ಕೆಳಭಾಗದ ಬೀದಿಗಳಲ್ಲಿ ರಾತ್ರಿಯ ಕುಡಿತ–ಕುಣಿತಗಳ ಗದ್ದಲ ಹೆಚ್ಚು, ಬೆಳಗಿನ ಎಂಟು ಗಂಟೆಯ ಪಾಠಕ್ಕೆ ಅದು ಹಿತವಲ್ಲ.

ವೀಸಾದ ಗಡಿಯಾರ ಇಡೀ ವರ್ಷದ ಯೋಜನೆಯನ್ನು ತಿದ್ದುತ್ತದೆ. ಗ್ವಾಟೆಮಾಲಾ, ಎಲ್ ಸಾಲ್ವದೋರ್, ಹೊಂಡುರಾಸ್, ನಿಕರಾಗುವಾ ಈ ನಾಲ್ಕೂ ದೇಶಗಳು ಸಿಎ-4 ಒಪ್ಪಂದದಡಿ ಒಂದೇ ವಲಯವಾಗಿವೆ. ಪ್ರವಾಸಿಗೆ ಸಿಗುವ 90 ದಿನಗಳು ನಾಲ್ಕಕ್ಕೂ ಸೇರಿ. ಎಲ್ ಸಾಲ್ವದೋರಿಗೆ ಹೋಗಿ ಬಂದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆಂದು ತಿಳಿದು ಗಡಿಯಲ್ಲಿ ದಂಡ ಕಟ್ಟುವವರು ಪ್ರತಿ ವರ್ಷವೂ ಇರುತ್ತಾರೆ. ವಲಸೆ ಕಚೇರಿಯಲ್ಲಿ ಅರ್ಜಿ ಹಾಕಿ ಒಮ್ಮೆ ಅವಧಿಯನ್ನು ವಿಸ್ತರಿಸಿಕೊಳ್ಳಬಹುದು. ಅದಕ್ಕೆ ರಾಜಧಾನಿಗೆ ಓಡಾಡುವ ತಾಳ್ಮೆ ಬೇಕು. ಯಾವ ಪಾಸ್‌ಪೋರ್ಟಿಗೆ ಮುಂಗಡ ವೀಸಾ ಬೇಕು, ಯಾವುದಕ್ಕೆ ಬೇಡ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಆಯಾ ರಾಯಭಾರ ಕಚೇರಿಯಲ್ಲೇ ವಿಚಾರಿಸಬೇಕು. ನನ್ನ ದೃಷ್ಟಿಯಲ್ಲಿ ಈ 90 ದಿನಗಳ ಮಿತಿ ಶಾಪವಲ್ಲ. ಹನ್ನೆರಡು ವಾರಗಳ ಏಕವ್ಯಕ್ತಿ ಪಾಠ ಎಂದರೆ 300 ಗಂಟೆಗಳು. ಅಷ್ಟರಲ್ಲಿ ಭಾಷೆಯ ಬೆನ್ನೆಲುಬು ಮೂಡಿರುತ್ತದೆ, ಇನ್ನು ಬೇರೆ ದನಿಗಳ ನಾಡಿಗೆ ಹೋಗುವುದೇ ಹಿತ.

ಸುರಕ್ಷತೆಯ ಬಗ್ಗೆ ಎರಡು ಮಾತು. ಹಗಲಿನ ಶೆಲಾ ನೆಮ್ಮದಿಯ ಊರು, ರಾತ್ರಿ ಎಂಟರ ಮೇಲೆ ಬೀದಿಗಳು ಬರಿದಾಗುತ್ತವೆ. ಆಗ ಪರಿಚಿತ ಟ್ಯಾಕ್ಸಿಯೇ ಸರಿ. ಜ್ವಾಲಾಮುಖಿಗಳನ್ನು ಒಂಟಿಯಾಗಿ ಹತ್ತಬಾರದು. ಅಮೆರಿಕದ ಹಳೆಯ ಶಾಲಾ ಬಸ್ಸುಗಳಿಗೆ ಬಣ್ಣ ಬಳಿದು ಓಡಿಸುವ ಕಾಮಿಯೊನೆತಾಗಳು ಬಲು ಅಗ್ಗ, ಹತ್ತಿರದ ಹಳ್ಳಿಗಳಿಗೆ ಸಾಕು. ದೂರದ ಪ್ರಯಾಣಕ್ಕೆ ಹೆಚ್ಚು ಕೊಟ್ಟು ಒಳ್ಳೆಯ ಬಸ್ಸು ಹಿಡಿಯುವುದು ಲೇಸು. ರಸ್ತೆತಡೆ ಇಲ್ಲಿನ ರಾಜಕೀಯದ ಭಾಗ. 2023ರ ಅಕ್ಟೋಬರಿನಲ್ಲಿ ಚುನಾವಣೆಯ ಫಲಿತಾಂಶವನ್ನು ಉಳಿಸಿಕೊಳ್ಳಲು ಜನ ವಾರಗಟ್ಟಲೆ ದೇಶದ ಹೆದ್ದಾರಿಗಳನ್ನು ಮುಚ್ಚಿದ್ದರು. ಆದ್ದರಿಂದ ವಿಮಾನದ ದಿನಕ್ಕೂ ರಾಜಧಾನಿ ತಲುಪುವ ದಿನಕ್ಕೂ ನಡುವೆ ಕನಿಷ್ಠ ಒಂದು ದಿನ ಬಿಟ್ಟಿರಬೇಕು.

ಈಗ ಬದಲಿಗಳು. ಬೊಲಿವಿಯಾದ ಸುಕ್ರೆ, ಶೆಲಾಕ್ಕೆ ನಿಜವಾದ ಪ್ರತಿಸ್ಪರ್ಧಿ. ಸುಮಾರು 2,800 ಮೀಟರ್ ಎತ್ತರದ ಬಿಳಿಯ ಊರು, ಶಾಂತ, ಏಕವ್ಯಕ್ತಿ ಪಾಠದ ದರವೂ ಕಡಿಮೆ, ಆಂಡಿಸ್ ಸೀಮೆಯ ಸ್ಪ್ಯಾನಿಷ್ ಸ್ಪಷ್ಟ. ಆದರೆ 2011ರಿಂದ ಡಾಲರಿಗೆ 6.96ಕ್ಕೆ ಕಟ್ಟಿಹಾಕಿದ್ದ ಬೊಲಿವಿಯಾನೊ 2023ರಿಂದ ಡಾಲರ್ ಕೊರತೆಗೆ ಸಿಕ್ಕಿ, ಅಧಿಕೃತ ದರವೊಂದು, ಬೀದಿಯ ದರ ಇನ್ನೊಂದು ಎಂಬಂತಾಯಿತು. ಇಂಧನಕ್ಕೆ ಉದ್ದನೆಯ ಸಾಲುಗಳು, ರಸ್ತೆತಡೆಗಳು ಬೇರೆ ಇದ್ದವು. ಆಗ ನಗದು ಡಾಲರ್ ಹಿಡಿದು ಹೋದವರಿಗೆ ಲಾಭ, ಕಾರ್ಡನ್ನು ನೆಚ್ಚಿಕೊಂಡವರಿಗೆ ನಷ್ಟವಾಗುತ್ತಿತ್ತು. ದಕ್ಷಿಣ ಅಮೆರಿಕವನ್ನೇ ನೋಡಬೇಕೆಂಬ ಹಟವಿದ್ದವರಿಗೆ ಸುಕ್ರೆ ಮೊದಲ ಆಯ್ಕೆಯಾಗಲಿ.

ಕೊಲಂಬಿಯಾದ ಬಗ್ಗೆ ಹೇಳುವಾಗ ಎಲ್ಲರೂ ಮೆದೆಯೀನ್ ಎನ್ನುತ್ತಾರೆ. ಅಲ್ಲಿನ ಹವೆ ಒಳ್ಳೆಯದೇ. ಆದರೆ ದೂರದಿಂದಲೇ ಕೆಲಸ ಮಾಡುವ ವಿದೇಶಿಯರು ನೆರೆದು ಕೆಲವು ಬಡಾವಣೆಗಳ ಬಾಡಿಗೆಯನ್ನು ಸ್ಥಳೀಯರಿಗೇ ಎಟುಕದಂತೆ ಮಾಡಿದ್ದಾರೆ. 2,640 ಮೀಟರ್ ಎತ್ತರದ ಬೊಗೊಟಾ ಮೋಡ ಕವಿದ, ಗಂಭೀರವಾದ ನಗರ. ಅಲ್ಲಿ ಗೆಳೆಯರು, ಗಂಡಹೆಂಡಿರು ಕೂಡ ಪರಸ್ಪರ ಬಹುವಚನದಂತಹ ಗೌರವದ ರೂಪದಲ್ಲೇ ಮಾತನಾಡುವುದುಂಟು. ಪಾಠಗಳು ಹೆಚ್ಚಾಗಿ ಗುಂಪಿನವು. ಹೀಗಾಗಿ ಆರಂಭಿಕರಿಗಿಂತ, ಅರ್ಧ ದಾರಿ ಸವೆಸಿದವರಿಗೆ ಕೊಲಂಬಿಯಾ ಹೆಚ್ಚು ಕೊಡುತ್ತದೆ.

ಮೆಕ್ಸಿಕೊದ ಗುಣ ಅಲ್ಲಿ ಸಿಗುವ ದೀರ್ಘ ಅವಧಿ ಮತ್ತು ಅದು ಗ್ವಾಟೆಮಾಲಾದ ನೆರೆನಾಡಾಗಿರುವುದು. ಪ್ರವಾಸಿಗೆ 180 ದಿನಗಳವರೆಗೆ ಅವಕಾಶವಿದೆ, ಆದರೆ ಎಷ್ಟು ದಿನ ಬರೆಯಬೇಕೆಂಬುದು ಗಡಿಯ ಅಧಿಕಾರಿಯ ಇಚ್ಛೆ. ಕೇಳಿದ್ದಕ್ಕಿಂತ ಕಡಿಮೆ ಬರೆದುಕೊಟ್ಟ ಉದಾಹರಣೆಗಳು ಸಾಕಷ್ಟಿವೆ. ಶೆಲಾದಿಂದ ಒಂದು ದಿನದ ರಸ್ತೆ ಪ್ರಯಾಣದಲ್ಲಿ ಚಿಯಾಪಾಸ್ ರಾಜ್ಯದ ಸಾನ್ ಕ್ರಿಸ್ತೋಬಾಲ್ ದೆ ಲಾಸ್ ಕಾಸಾಸ್ ಸಿಗುತ್ತದೆ, ಅದು ಸಿಎ-4 ವಲಯದ ಹೊರಗಿದೆ. ಆ ಗಡಿಸೀಮೆಯಲ್ಲಿ ಇತ್ತೀಚೆಗೆ ಅಪರಾಧ ಗುಂಪುಗಳ ಕಾದಾಟ ಹೆಚ್ಚಿರುವುದರಿಂದ ಹೊರಡುವ ವಾರವೇ ಸ್ಥಿತಿಗತಿ ವಿಚಾರಿಸಿ, ಹಗಲಲ್ಲೇ ದಾಟಬೇಕು. ಓಹಾಕಾದ ಊಟಕ್ಕೂ ಗ್ವಾನಹ್ವಾತೊದ ಬೀದಿಗಳಿಗೂ ನಾನು ಸೋತವನೇ. ಓಹಾಕಾದ ಬಾಡಿಗೆ ಏರಿರುವ ಬಗೆ ನೋಡಿದರೆ ಬಿಗಿ ಬಜೆಟ್ಟಿನವರಿಗೆ ಗ್ವಾನಹ್ವಾತೊವೇ ಮೇಲು.

ಅರ್ಜೆಂಟೀನಾ ಅಗ್ಗವೆಂಬ ಮಾತು ಹಳೆಯದಾಯಿತು. 2023ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಪೆಸೊವನ್ನು ಡಾಲರಿಗೆ ಸುಮಾರು 366ರಿಂದ 800ಕ್ಕೆ ಇಳಿಸಿತು. ಆ ಬಳಿಕ ಒಳಗಿನ ಬೆಲೆಗಳು ವಿನಿಮಯ ದರಕ್ಕಿಂತ ವೇಗವಾಗಿ ಏರಿದ್ದರಿಂದ 2024ರ ಹೊತ್ತಿಗೆ ಡಾಲರಿನಲ್ಲಿ ಎಣಿಸುವವರಿಗೂ ಬ್ವೆನೊಸ್ ಐರೆಸ್ ದುಬಾರಿಯಾಯಿತು. ಪುಸ್ತಕದಂಗಡಿಗಳಿಗಾಗಿ, ರಂಗಭೂಮಿಗಾಗಿ ಹೋಗಬಹುದು, ಉಳಿತಾಯಕ್ಕಾಗಿ ಅಲ್ಲ. ಈಕ್ವಡೋರ್ 2000ದಿಂದ ಅಮೆರಿಕನ್ ಡಾಲರನ್ನೇ ಬಳಸುತ್ತಿದೆ, ಅಲ್ಲಿನ ಕ್ವೆಂಕಾ ಕಲಿಯಲು ಹೇಳಿ ಮಾಡಿಸಿದಂತಹ ಊರು. ಆದರೆ 2024ರ ಜನವರಿಯಲ್ಲಿ ಸರ್ಕಾರ ಆಂತರಿಕ ಸಶಸ್ತ್ರ ಸಂಘರ್ಷವನ್ನು ಘೋಷಿಸಿದ ಮೇಲೆ, ಕರಾವಳಿಯ ಕಡೆ ಹೋಗದೆ ಇರುವ ಶಿಸ್ತು ಬೇಕಾಗುತ್ತದೆ. ಕೋಸ್ಟ ರಿಕ ಮತ್ತು ಚಿಲಿ ದುಬಾರಿ. ಪೆರುವಿನ ಕುಸ್ಕೊ 3,400 ಮೀಟರ್ ಎತ್ತರದಲ್ಲಿದ್ದು, ಮೊದಲ ವಾರವನ್ನು ತಲೆನೋವೇ ನುಂಗಿಬಿಡಬಹುದು. ಅದೇ ದೇಶದ, ಅಷ್ಟು ಎತ್ತರವಿಲ್ಲದ ಅರೆಕೀಪಾ ಅದಕ್ಕಿಂತ ಒಳ್ಳೆಯ ಆಯ್ಕೆ.

ಸ್ಪೇನ್ ಬೇರೆಯೇ ಬಗೆಯ ಲೆಕ್ಕ. ಪ್ರವಾಸಿಯಾಗಿ ಹೋದರೆ, ಯುರೋಪಿನ ಬಹಳಷ್ಟು ದೇಶಗಳು ಒಂದೇ ಗಡಿವಲಯವಾಗಿರುವ ಷೆಂಗೆನ್ ಒಪ್ಪಂದದ ನಿಯಮದಂತೆ 180 ದಿನಗಳಲ್ಲಿ 90 ದಿನ ಮಾತ್ರ. ವರ್ಷ ಇರಬೇಕಾದರೆ ವಿದ್ಯಾರ್ಥಿ ವೀಸಾ ಬೇಕು. ಅದಕ್ಕೆ ಮಾನ್ಯತೆಯುಳ್ಳ ಶಾಲೆಯಲ್ಲಿ ವಾರಕ್ಕೆ ಕನಿಷ್ಠ 20 ಗಂಟೆಗಳ ಪಾಠ, ಆರೋಗ್ಯ ವಿಮೆ, ಜೊತೆಗೆ ತಿಂಗಳಿಗೆ 600 ಯೂರೊದಂತೆ ಇರುವಷ್ಟೂ ತಿಂಗಳಿಗೆ ಹಣವಿದೆಯೆಂಬ ದಾಖಲೆ ತೋರಿಸಬೇಕು. 600 ಯೂರೊದಲ್ಲಿ ಮ್ಯಾಡ್ರಿಡ್ ಅಥವಾ ಬಾರ್ಸಿಲೋನಾದಲ್ಲಿ ಕೋಣೆಯ ಬಾಡಿಗೆ ಕಟ್ಟಿ ಉಳಿಯುವುದು ಅಷ್ಟಕ್ಕಷ್ಟೇ. ಗ್ರನಾದಾದಲ್ಲಿ, ಪಾನೀಯದ ಜೊತೆಗೆ ತಿನಿಸು ಉಚಿತವಾಗಿ ಬರುವ ಸಂಪ್ರದಾಯ ಇನ್ನೂ ಉಳಿದಿರುವ ಆ ಊರಿನಲ್ಲಿ, ಬಿಗಿ ಹಿಡಿದರೆ ಸಾಧ್ಯ. ಇದಕ್ಕೆ ಒಂದು ದೊಡ್ಡ ಅಪವಾದವಿದೆ. ಸ್ಪೇನಿನ ಶಿಕ್ಷಣ ಸಚಿವಾಲಯ ನಡೆಸುವ ಸಂಭಾಷಣಾ ಸಹಾಯಕರ ಯೋಜನೆಯಡಿ, ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಹದಿನಾಲ್ಕು, ಹದಿನಾರು ಗಂಟೆ ಇಂಗ್ಲಿಷ್ ತರಗತಿಗೆ ನೆರವಾದರೆ ತಿಂಗಳಿಗೆ 800ರಿಂದ 1,000 ಯೂರೊ ಭತ್ಯೆ ಸಿಗುತ್ತದೆ. ಒಪ್ಪಂದವಿರುವ ದೇಶಗಳ ನಾಗರಿಕರಿಗೆ ಮಾತ್ರ ಇದು ತೆರೆದಿದೆ. ಆ ಪಟ್ಟಿಯಲ್ಲಿ ತಮ್ಮ ದೇಶದ ಹೆಸರಿರುವವರು ಈ ವಿಮರ್ಶೆಯ ಉಳಿದ ಭಾಗವನ್ನೆಲ್ಲ ಬದಿಗಿಟ್ಟು ಮೊದಲು ಅಲ್ಲಿಗೆ ಅರ್ಜಿ ಹಾಕಬಹುದು. ಖರ್ಚಿನ ವರ್ಷ ಸಂಪಾದನೆಯ ವರ್ಷವಾಗುವ ಅವಕಾಶ ಬೇರೆ ಯಾವ ನಾಡಿನಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಉಳಿದವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲ ಹನ್ನೆರಡು ವಾರ ಶೆಲಾ, ಸಾಧ್ಯವಾದರೆ ಫೆಬ್ರವರಿಯ ಕೊನೆಯಿಂದ, ಚಳಿ ಹಿಂಜರಿದು ಮಳೆ ಇನ್ನೂ ಹಿಡಿಯದ ಹೊತ್ತಿನಲ್ಲಿ. ಎರಡಕ್ಕಿಂತ ಹೆಚ್ಚು ವಾರದ ಹಣವನ್ನು ಯಾವ ಶಾಲೆಗೂ ಮುಂಗಡವಾಗಿ ಕೊಡಬೇಡಿ. ಬಂದು ನೋಡಿ, ಮೆಚ್ಚಿದರೆ ಮುಂದುವರಿಸಿ. ಅದಾದ ಮೇಲೆ ಮೆಕ್ಸಿಕೊ ಅಥವಾ ಕೊಲಂಬಿಯಾದಲ್ಲಿ ಪಾಠವನ್ನು ವಾರಕ್ಕೆ ನಾಲ್ಕೈದು ಗಂಟೆಗಿಳಿಸಿ, ಸ್ಥಳೀಯರೊಡನೆ ಮನೆ ಹಂಚಿಕೊಂಡು ಬದುಕುವುದು ಮೇಲು. ಸ್ವಯಂಸೇವೆ ಮಾಡುವ ಆಸೆಯಿದ್ದರೆ ಅದೂ ಈ ಎರಡನೆಯ ಹಂತದಲ್ಲೇ ಸರಿ. ಭಾಷೆ ಬಾರದ ಸ್ವಯಂಸೇವಕರಿಂದ ಸಂಸ್ಥೆಗೆ ಕೆಲಸ ಹೆಚ್ಚುತ್ತದೆ, ಅನಾಥಾಲಯಗಳಲ್ಲಿ ಎರಡು ವಾರ ಕಳೆದು ಹೋಗುವುದಂತೂ ಮಕ್ಕಳಿಗೆ ಹಾನಿಯೇ. ಕಲಿತದ್ದಕ್ಕೆ ಕಾಗದದ ಸಾಕ್ಷಿ ಬೇಕಾದವರು ವರ್ಷದ ಕೊನೆಗೆ ಪರೀಕ್ಷೆ ಬರೆಯಬಹುದು. ಸ್ಪೇನ್ ಸರ್ಕಾರದ ಭಾಷಾಸಂಸ್ಥೆಯಾದ ಸೆರ್ವಾಂತೆಸ್ ಕೊಡುವ ಡೆಲೆ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ, ಆದರೆ ಪರೀಕ್ಷೆಯ ದಿನಾಂಕಗಳು ನಿಗದಿಯಾಗಿದ್ದು ತಿಂಗಳುಗಳ ಮೊದಲೇ ಹೆಸರು ನೋಂದಾಯಿಸಬೇಕು. ಕಂಪ್ಯೂಟರಿನಲ್ಲಿ ಬರೆಯುವ ಸಿಯೆಲೆ ಎಂಬ ಇನ್ನೊಂದು ಪರೀಕ್ಷೆ ಬಹುಬೇಗ ಮುಗಿಯುತ್ತದೆ, ಐದು ವರ್ಷ ಸಿಂಧುವಾಗಿರುತ್ತದೆ. ಕೆಲಸಕ್ಕೆ ತೋರಿಸಬೇಕಾದವರಿಗೆ ಡೆಲೆ. ತಾನೆಲ್ಲಿದ್ದೇನೆ ಎಂದು ತಿಳಿಯಬೇಕಾದವರಿಗೆ ಸಿಯೆಲೆ ಸಾಕು.